ಐಟಿಐ ವೆಲ್ಡರ್ ಟ್ರೇಡ್: ಚೌಕ ಪೈಪಿನ ಸ್ಟೂಲ್ ಎಲ್ಲಿಗೆ ಬಂತು

ವಿದ್ಯಾರ್ಥಿ ತಂಡಗಳಿಗೆ 6 ಎಂಎಂ ಪ್ಲೇಟಿನ ಮೇಲೆ ಬೀಡ್ (ವೆಲ್ಡಿನ ಗೆರೆ) ಎಳೆಯುವ ಅಭ್ಯಾಸ ಮುಗಿದಿದೆ. ಟೀ ಜಾಯಿಂಟನ್ನು (T ಆಕಾರದ ಜೋಡಣೆ) ಒಂದೇ ಬದಿ ವೆಲ್ಡ್ ಮಾಡಿ, ಸುತ್ತಿಗೆಯಿಂದ ಬಡಿದು ಮುರಿದು ನೋಡಿದ್ದೂ ಆಯಿತು. ಮೇಲೆ ನೀಟಾಗಿ ಕಂಡ ಕೆಲವು ವೆಲ್ಡ್‌ಗಳ ಬುಡದಲ್ಲಿ ಕಪ್ಪು ಗೆರೆ: ಸಿಕ್ಕಿಕೊಂಡ ಸ್ಲ್ಯಾಗ್, ಅಂದರೆ ರಾಡಿನ ಲೇಪ ಕರಗಿ ಆದ ಕಿಟ್ಟ. ಕರೆಂಟ್ ಕಡಿಮೆಯಿದ್ದರೆ, ಆರ್ಕ್ (ರಾಡ್ ತುದಿಗೂ ಲೋಹಕ್ಕೂ ನಡುವಿನ ವಿದ್ಯುತ್ ಜ್ವಾಲೆ) ಉದ್ದವಾದರೆ ಸ್ಲ್ಯಾಗ್ ಮುಂದಕ್ಕೆ ಹರಿದು ಮೂಲೆಯಲ್ಲಿ ಕೂರುತ್ತದೆ. ಕಣ್ಣು ಆರ್ಕಿನ ಬೆಳಕಿನ ಮೇಲಲ್ಲ, ಅದರ ಹಿಂದಿನ ಕರಗಿದ ಲೋಹದ ಮೇಲಿರಬೇಕು. ಸ್ಲ್ಯಾಗ್ ಯಾವಾಗಲೂ ಆ ಹೊಳಪಿನ ಹಿಂದೆಯೇ ಬರುತ್ತಿರಬೇಕು.

ಈಗ ಸ್ಟೂಲ್. 25×25 ಎಂಎಂ ಕಪ್ಪು ಎಂಎಸ್ (ಮೃದು ಉಕ್ಕಿನ) ಪೈಪ್, ದಪ್ಪ 1.6 ಎಂಎಂ. ಜಿಐ (ಸತು ಲೇಪಿಸಿದ) ಪೈಪ್ ಬೇಡ, ಸುಟ್ಟ ಸತುವಿನ ಹೊಗೆ ಜ್ವರ ತರುತ್ತದೆ. ಮೇಲಿನ ಚೌಕಟ್ಟಿಗೆ 45 ಡಿಗ್ರಿ ಕತ್ತರಿಸಿದ 300 ಎಂಎಂನ ನಾಲ್ಕು, ಕಾಲಿಗೆ 425ರ ನಾಲ್ಕು, ಕೆಳಗಿನ ಅಡ್ಡಪಟ್ಟಿಗೆ 250ರ ನಾಲ್ಕು. 6 ಮೀಟರಿನ ಒಂದು ಪೈಪ್ ಧಾರಾಳ ಸಾಕು.

2.5 ಎಂಎಂನ 6013 ದರ್ಜೆಯ ವೆಲ್ಡಿಂಗ್ ರಾಡ್, 60–65 ಆಂಪಿಯರ್, ಡಿಸಿಯಲ್ಲಿ ರಾಡ್ ಹಿಡಿಯುವ ಹೋಲ್ಡರ್ ನೆಗೆಟಿವ್‌ಗೆ. ಪೈಪ್ ತೂತು ಬೀಳುವುದಕ್ಕೆ ಎಲ್ಲರೂ ಕರೆಂಟನ್ನು ದೂರುತ್ತಾರೆ, ಆದರೆ ಹೆಚ್ಚಿನ ಸಲ ತಪ್ಪು ಕತ್ತರಿಸುವಾಗಲೇ ಆಗಿರುತ್ತದೆ. ಮೂಲೆಯಲ್ಲಿ 1 ಎಂಎಂಗಿಂತ ಹೆಚ್ಚು ಸಂದಿ ಇದ್ದರೆ ತೆಳು ಅಂಚಿಗೆ ಶಾಖ ಹೋಗಲು ಜಾಗವಿಲ್ಲದೆ ಅದು ಕರಗಿ ಬೀಳುತ್ತದೆ. ರಾಡ್ ತುಂಬಿಸಿ ಮುಚ್ಚುವ ಬದಲು ಅರ ಹಾಕಿ ಕೂರಿಸಿ.

ಚೌಕಟ್ಟಿನ ನಾಲ್ಕೂ ಮೂಲೆಗೆ ಟ್ಯಾಕ್ (ತಾತ್ಕಾಲಿಕ ಚಿಕ್ಕ ವೆಲ್ಡ್) ಹಾಕಿ ಎರಡೂ ಕರ್ಣ ಅಳೆದಾಗ 424 ಎಂಎಂ ಆಸುಪಾಸು ಬರಬೇಕು. 2 ಎಂಎಂಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದದ ಕರ್ಣದ ಮೂಲೆಗೆ ಬಡಿದು ಸರಿಮಾಡುವ ಹೊತ್ತು ಇದೇ. ಪೂರ್ತಿ ವೆಲ್ಡ್ ಆದಮೇಲೆ ಅದು ಜಗ್ಗುವುದಿಲ್ಲ. ಪೂರ್ತಿ ವೆಲ್ಡ್ ಎದುರುಬದುರು ಮೂಲೆಗಳಿಗೆ, ಒಂದಾದ ಮೇಲೆ ಒಂದು.

ಕಾಲುಗಳಲ್ಲೇ ತಂಡಗಳು ಸಿಕ್ಕಿಬಿದ್ದಿರುವುದು. ಟ್ಯಾಕ್ ಹಾಕಿದಾಗ ಮೂಲೆಮಟ್ಟಕ್ಕೆ ಸರಿಯಿದ್ದ ಕಾಲು, ಒಳಬದಿಯ ವೆಲ್ಡ್ ತಣ್ಣಗಾಗುತ್ತಿದ್ದಂತೆ ಒಳಕ್ಕೆ ವಾಲುತ್ತದೆ. ಕುಗ್ಗುವ ಲೋಹ ತನ್ನ ಕಡೆಗೇ ಎಳೆಯುತ್ತದೆ. ಹಾಗಾಗಿ ಕ್ರಮ ಬದಲಾಗಿದೆ: ನಾಲ್ಕೂ ಕಾಲಿಗೆ ಬರೀ ಟ್ಯಾಕ್, ನೆಲದಿಂದ 100 ಎಂಎಂ ಎತ್ತರದಲ್ಲಿ ಅಡ್ಡಪಟ್ಟಿಗಳಿಗೂ ಟ್ಯಾಕ್, ಆಮೇಲೆ ಹೊರಬದಿ ಮೊದಲು, ಒಳಬದಿ ಕೊನೆಗೆ. 250ರ ಅಡ್ಡಪಟ್ಟಿ ಕಾಲನ್ನು ಒಳಗೆ ಬರಲು ಬಿಡುವುದಿಲ್ಲ. ಪಟ್ಟಿ ಒಂದೆರಡು ಎಂಎಂ ಗಿಡ್ಡವಾದರೂ ಈ ಉಪಾಯ ಕೆಲಸ ಮಾಡದು.

ಮುಂದಿನದು ಗ್ರೈಂಡಿಂಗ್. ಸೀಟ್ ಕೂರುವ ಮೇಲ್ಮುಖ ಮಾತ್ರ ಸಮ ಮಾಡಬೇಕು. ಕಾಲಿನ ಒಳಮೂಲೆಯ ವೆಲ್ಡ್ ಮುಟ್ಟುವಂತಿಲ್ಲ, ಭಾರ ಹೊರುವುದು ಅದೇ. ಸ್ಪ್ಯಾಟರ್ (ಸಿಡಿದು ಅಂಟಿದ ಲೋಹದ ಹನಿ) ಕೆತ್ತಿ, ವೈರ್ ಬ್ರಷ್ ಹೊಡೆದ ಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ.