ಕದ್ದು ಚುಚ್ಚಿಸಿಕೊಂಡ ಹೆಲಿಕ್ಸ್ ಯಾಕೆ ಕೆಡುತ್ತದೆ

ವರ್ಷ ತುಂಬುವ ಮೊದಲೇ ಅಕ್ಕಸಾಲಿಯನ್ನು ಕರೆಸಿ ಮಗುವಿನ ಕಿವಿ ಚುಚ್ಚಿಸುವ ಮನೆಗಳಲ್ಲೇ, 16ರ ಮಗಳು ಕಿವಿಯ ಮೇಲಂಚಿಗೊಂದು ತೂತು, ಅಂದರೆ ಹೆಲಿಕ್ಸ್, ಬೇಕೆಂದರೆ ರಾದ್ಧಾಂತ. ಮಗ ಕೇಳಿದರಂತೂ ಮಾತೇ ಬೇಡ. ಆದರೆ ಹಾಲೆಯೂ ಮೇಲಂಚೂ ಒಂದೇ ಅಲ್ಲ. ಹಾಲೆಯಲ್ಲಿರುವುದು ಚರ್ಮ, ಕೊಬ್ಬು. ರಕ್ತ ಚೆನ್ನಾಗಿ ಹರಿಯುತ್ತದೆ, 6–8 ವಾರದಲ್ಲಿ ಮಾಯುತ್ತದೆ. ಮೇಲಂಚಿನಲ್ಲಿರುವುದು ಮೃದ್ವಸ್ಥಿ, ಅಂದರೆ ಬಾಗುವ ಮೆತ್ತನೆಯ ಎಲುಬು. ಅದಕ್ಕೆ ಸ್ವಂತ ರಕ್ತನಾಳಗಳಿಲ್ಲ, ಹೊದ್ದ ಪೊರೆಯಿಂದಲೇ ಪೋಷಣೆ. ಮಾಯಲು 6ರಿಂದ 12 ತಿಂಗಳು ಬೇಕು.

ಮನೆಯವರು ಬೇಡವೆಂದಾಗ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಎನ್ನುವುದೇ ನಿಜವಾದ ಸಮಸ್ಯೆ. ಒಳ್ಳೆಯ ಪಿಯರ್ಸಿಂಗ್ ಸ್ಟುಡಿಯೋಗಳು 18 ತುಂಬದವರಿಗೆ ಅಪ್ಪ ಅಮ್ಮನ ಸಹಿ ಕೇಳುತ್ತವೆ. ಸಹಿ ಕೇಳದ ಕಡೆ ಹೆಚ್ಚಾಗಿ ಸಿಗುವುದು ಕಿವಿ ಚುಚ್ಚುವ ಗನ್. ಅದು ಮೊಂಡು ಸ್ಟಡ್ಡನ್ನು ಸ್ಪ್ರಿಂಗ್ ಬಲದಿಂದ ನುಗ್ಗಿಸುತ್ತದೆ. ಹಾಲೆ ಹೇಗೋ ತಡೆದುಕೊಳ್ಳುತ್ತದೆ, ಮೃದ್ವಸ್ಥಿ ಜಜ್ಜಿಹೋಗುತ್ತದೆ. ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಯಂತ್ರದ 121 ಡಿಗ್ರಿಯನ್ನು ಪ್ಲಾಸ್ಟಿಕ್ ಗನ್ ತಾಳದು. ಸ್ಪಿರಿಟ್‌ನಲ್ಲಿ ಒರೆಸಿದರೆ ಕ್ರಿಮಿಶುದ್ಧಿ ಆಗುವುದಿಲ್ಲ. ಬೇಕಾದ್ದು ಕಣ್ಣೆದುರೇ ಪ್ಯಾಕೆಟ್ ಒಡೆದ, ಒಮ್ಮೆ ಬಳಸಿ ಬಿಸಾಡುವ ಟೊಳ್ಳು ಸೂಜಿ. ಹೆಲಿಕ್ಸ್‌ಗೆ ಸಾಮಾನ್ಯವಾಗಿ 16 ಗೇಜ್, ಅಂದರೆ ಸುಮಾರು 1.2 ಮಿ.ಮೀ. ದಪ್ಪ. ಆಭರಣ ಇಂಪ್ಲಾಂಟ್ ದರ್ಜೆಯ ಟೈಟಾನಿಯಂ ಇರಲಿ. ಅಗ್ಗದ ಫ್ಯಾನ್ಸಿ ಓಲೆಯ ನಿಕಲ್ ಹಲವರಿಗೆ ಅಲರ್ಜಿ. ಊತಕ್ಕೆ ಜಾಗ ಬೇಕಾದ್ದರಿಂದ ಮೊದಲ ಕಡ್ಡಿ ತುಸು ಉದ್ದವೇ ಇರಬೇಕು. ಬಿಗಿಯಾಗಿದ್ದರೆ ಚರ್ಮದೊಳಗೇ ಹೂತುಹೋಗುತ್ತದೆ.

ಮುಚ್ಚಿಡುವ ಆಟ ಉಳಿದದ್ದನ್ನು ಕೆಡಿಸುತ್ತದೆ. ಮನೆ ಹತ್ತಿರ ಬಂದಾಗ ಕಳಚಿ, ಕಾಲೇಜಿನಲ್ಲಿ ಮತ್ತೆ ತೂರಿಸುವುದು; ಎಣ್ಣೆ ಹಚ್ಚಿದ ಕೂದಲನ್ನು ಅದರ ಮೇಲೇ ಇಳಿಬಿಡುವುದು; ಅದೇ ಮಗ್ಗುಲಲ್ಲಿ ಮಲಗುವುದು. ಹೊಸ ತೂತು ಕೆಲವು ಗಂಟೆಗಳಲ್ಲೇ ಮುಚ್ಚಿಕೊಳ್ಳಲು ಶುರುವಾಗುತ್ತದೆ, ಬಲವಂತವಾಗಿ ತೂರಿಸಿದರೆ ಹೊಸ ಗಾಯ.

ಆರೈಕೆ ಸರಳ. ಮೆಡಿಕಲ್‌ನಲ್ಲಿ ಸಿಗುವ 0.9% ನಾರ್ಮಲ್ ಸಲೈನ್‌ನಿಂದ ದಿನಕ್ಕೆರಡು ಸಲ ತೊಳೆದು, ಶುದ್ಧ ಗಾಜ್‌ನಿಂದ ಒತ್ತಿ ಒಣಗಿಸಬೇಕು. ಕಡ್ಡಿ ತಿರುಗಿಸಬಾರದು. ಅಜ್ಜಿಗೆ ಬೇಸರವಾದರೂ ಅರಿಶಿನ, ಕೊಬ್ಬರಿ ಎಣ್ಣೆ ಬೇಡ. ಜಿಡ್ಡಿಗೆ ಕೊಳೆ ಅಂಟುತ್ತದೆ. ಡೆಟಾಲ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡ, ಅವು ಮಾಯುತ್ತಿರುವ ಚರ್ಮವನ್ನೇ ಸುಡುತ್ತವೆ.

ಕಿವಿಯ ಮೇಲ್ಭಾಗ ಕೆಂಪಾಗಿ, ಬಿಸಿಯಾಗಿ ಊದಿಕೊಂಡು, ಹಾಲೆ ಮಾತ್ರ ಮಾಮೂಲಿನಂತಿದ್ದರೆ ಅದು ಪೊರೆಯ ಸೋಂಕಿನ ಲಕ್ಷಣ. ಹೆಚ್ಚಾಗಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಆ್ಯಂಟಿಬಯೋಟಿಕ್ ಅದಕ್ಕೆ ನಾಟದು. ಬೈಗುಳಕ್ಕೆ ಹೆದರಿ ನಾಲ್ಕು ದಿನ ಮುಚ್ಚಿಟ್ಟರೆ ಕೀವು ತುಂಬಿ ಮೃದ್ವಸ್ಥಿ ಸಾಯುತ್ತದೆ, ಕಿವಿ ಮುರುಟಿಕೊಳ್ಳುತ್ತದೆ. ಅದೇ ದಿನ ಇಎನ್‌ಟಿ ವೈದ್ಯರ ಬಳಿ ಹೋಗಿ. ಇದನ್ನು ಓದುವ ಅಪ್ಪ ಅಮ್ಮಂದಿರೇ, ಬೈಯುವುದಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ.

ನಾಲಿಗೆ ಚುಚ್ಚಿಸುವ ವಿಷಯದಲ್ಲಿ ನನ್ನ ಮತ ಅಪ್ಪ ಅಮ್ಮನಿಗೇ: ಲೋಹದ ಗುಂಡು ಹಲ್ಲಿನ ಚೂರು ಎಬ್ಬಿಸುತ್ತದೆ, ವಸಡು ಸವೆಸುತ್ತದೆ. ಮನೆಯಲ್ಲಿ ಯಾರಿಗಾದರೂ ಗಾಯ ಗಂಟುಕಟ್ಟುವ ಕೆಲಾಯ್ಡ್ ಇದ್ದರೆ ಕಿವಿಗೂ ಎರಡು ಸಲ ಯೋಚಿಸಿ. ಇಲ್ಲವಾದರೆ ಹಾಲೆಯಲ್ಲಿ ಎರಡನೇ ತೂತನ್ನು ಮೊದಲು ಕೇಳಿ. ಒಪ್ಪಿಗೆ ಸಿಗುವ ಸಾಧ್ಯತೆಯೂ ಹೆಚ್ಚು, ಬೇಗ ಮಾಯುತ್ತದೆ ಕೂಡ. ನೀಟ್ ಬರೆಯುವವರು ದಿನವನ್ನೂ ನೋಡಿಕೊಳ್ಳಿ: ಪರೀಕ್ಷಾ ಕೊಠಡಿಗೆ ಆಭರಣ ನಿಷಿದ್ಧ. ಮೇ ತಿಂಗಳ ಪರೀಕ್ಷೆಗೆ ಡಿಸೆಂಬರ್‌ನಲ್ಲಿ ಚುಚ್ಚಿಸಿದ ಹೆಲಿಕ್ಸ್ ಇನ್ನೂ ಹಸಿಗಾಯ. ಕಳಚಿಟ್ಟು ಬರೆದು ಬರುವಷ್ಟರಲ್ಲಿ ಮತ್ತೆ ಹಾಕುವುದು ಕಷ್ಟವಾಗಬಹುದು.