ಪುಟಗಳ ಗಡಿಯಲ್ಲಿ ತಪ್ಪಿಸಿಕೊಳ್ಳುತ್ತಿದ್ದ ಇಶ್ಯೂ

ಗಿಟ್‌ಹಬ್‌ನಂಥ ತಾಣಗಳಲ್ಲಿರುವ ಹಲವು ರೆಪೊಗಳ (ಕೋಡ್ ಸಂಗ್ರಹಗಳ) ತೆರೆದ, ಅಂದರೆ ಇನ್ನೂ ಮುಚ್ಚದ, ಇಶ್ಯೂಗಳನ್ನು (ದೋಷ ಅಥವಾ ಬಾಕಿ ಕೆಲಸದ ನಮೂದುಗಳನ್ನು) ಟರ್ಮಿನಲ್‌ನಲ್ಲಿ ಒಂದೇ ಪಟ್ಟಿಯಾಗಿ ತೋರಿಸುವ ನನ್ನ ಕಮಾಂಡ್ ಲೈನ್ ಟೂಲ್ ಅನ್ನು ಬಹುಕಾಲ ಕಾಡಿದ ದೋಷ ಕೊನೆಗೂ ಕೈಗೆ ಸಿಕ್ಕಿದೆ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಅಪರೂಪಕ್ಕೊಮ್ಮೆ ಯಾವುದೋ ಒಂದು ತೆರೆದ ಇಶ್ಯೂ ಪಟ್ಟಿಯಲ್ಲಿ ಕಾಣಿಸುತ್ತಿರಲಿಲ್ಲ. ಮತ್ತೊಮ್ಮೆ ರನ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಹಾಜರಾಗುತ್ತಿತ್ತು.

ಗಿಟ್‌ಹಬ್‌ನ ಇಶ್ಯೂ ಪಟ್ಟಿಯಲ್ಲಿ ಪುಲ್ ರಿಕ್ವೆಸ್ಟ್‌ಗಳೂ (ಕೋಡ್ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗಳೂ) ಸೇರಿ ಬರುತ್ತವೆಯಾದ್ದರಿಂದ, ಅವನ್ನು ಸೋಸುವ ಫಿಲ್ಟರ್ ಮೇಲೆ ಮೊದಲ ಅನುಮಾನವಿತ್ತು. ಅದು ಸರಿಯಾಗಿಯೇ ಇತ್ತು. ಗಿಟ್‌ಹಬ್ ಸರ್ವರ್‌ಗೆ ಗಂಟೆಗೆ ಕಳುಹಿಸಬಹುದಾದ 5000 ರಿಕ್ವೆಸ್ಟ್‌ಗಳ ಮಿತಿಯ ಹತ್ತಿರಕ್ಕೂ ನಾನು ಹೋಗಿರಲಿಲ್ಲ.

ಕೊನೆಗೆ 150 ತೆರೆದ ಇಶ್ಯೂಗಳಿರುವ ಪರೀಕ್ಷಾ ರೆಪೊ ಮಾಡಿ, ಸರ್ವರ್ ಪಟ್ಟಿಯನ್ನು ಪುಟಪುಟವಾಗಿ ಕೊಡುವುದರಿಂದ, ಪುಟಕ್ಕೆ 100ರಂತೆ ಹೊಸದು ಮೊದಲಾಗಿ ಕೇಳಿದೆ. ಮೊದಲ ಪುಟದಲ್ಲಿ 150ರಿಂದ 51ರವರೆಗೆ ಬಂದವು. ಅಲ್ಲಿಗೆ ಟೂಲ್ ಅನ್ನು ತಡೆದು ನಿಲ್ಲಿಸಿ, ಇನ್ನೊಂದು ಟರ್ಮಿನಲ್‌ನಿಂದ 120ನೇ ಇಶ್ಯೂವನ್ನು ಮುಚ್ಚಿದೆ. ಎರಡನೆಯ ಪುಟ 49ರಿಂದ ಶುರುವಾಯಿತು! ತೆರೆದವುಗಳ ಪಟ್ಟಿಯಿಂದ 120 ಹೊರಬಿದ್ದೊಡನೆ ಅದರ ಹಿಂದಿದ್ದವೆಲ್ಲ ಒಂದೊಂದು ಸ್ಥಾನ ಮುಂದೆ ಸರಿದು, 50ನೆಯದು ನಾನು ಆಗಲೇ ಓದಿ ಮುಗಿಸಿದ್ದ ಮೊದಲ ಪುಟಕ್ಕೆ ಸೇರಿಬಿಟ್ಟಿತ್ತು. ಆ ಕ್ಷಣದ ಸಂತೋಷ ಈ ಹವ್ಯಾಸದವರಿಗೆ ಮಾತ್ರ ಅರ್ಥವಾದೀತು.

ಪರಿಹಾರ ಹೀಗಿದೆ. ತೆರೆದವು, ಮುಚ್ಚಿದವು ಎಲ್ಲವನ್ನೂ, ಇತ್ತೀಚೆಗೆ ಬದಲಾದದ್ದು ಮೊದಲು ಬರುವ ಕ್ರಮದಲ್ಲಿ ಕೇಳಬೇಕು. ಆಗ ನಡುವೆ ಯಾರು ಏನು ಬದಲಿಸಿದರೂ ಆ ಇಶ್ಯೂ ಪಟ್ಟಿಯ ತಲೆಗೆ ಹೋಗಿ ಉಳಿದವು ಹಿಂದಕ್ಕೆ ಸರಿಯುತ್ತವೆಯೇ ಹೊರತು ಮುಂದಕ್ಕಲ್ಲ. ಕೆಲವು ಎರಡು ಸಲ ಬರಬಹುದು, ಆದರೆ ಟೂಲ್ ಬಳಸುವ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಇಶ್ಯೂವಿನ ಐಡಿ ಆಧರಿಸಿ ಹಳೆಯ ಸಾಲಿನ ಮೇಲೆಯೇ ಬರೆಯುವುದರಿಂದ ತೊಂದರೆಯಿಲ್ಲ. ಓದುವ ಮೊದಲೇ ತಲೆಗೆ ಹಾರಿದ ಇಶ್ಯೂ ಈ ಸಲ ತಪ್ಪಿದರೂ ಮುಂದಿನ ಸಲ ಸಿಗುತ್ತದೆ, ಏಕೆಂದರೆ ಮುಂದಿನ ರನ್ ಎಲ್ಲಿಂದ ಕೇಳಬೇಕೆಂಬುದಕ್ಕೆ ಈ ರನ್ ಶುರುವಾದ ಸಮಯವನ್ನೇ ಉಳಿಸಿಕೊಳ್ಳುತ್ತೇನೆ. ಆ ಸಮಯವನ್ನು ನಮ್ಮ ಕಂಪ್ಯೂಟರಿನ ಗಡಿಯಾರದಿಂದಲ್ಲ, ಸರ್ವರ್ ಕಳುಹಿಸುವ ಮೊದಲ ಉತ್ತರದ ಡೇಟ್ ಹೆಡರ್‌ನಿಂದ (ಉತ್ತರದ ತಲೆಯಲ್ಲಿ ಸಮಯ ಹೇಳುವ ಸಾಲಿನಿಂದ) ತೆಗೆದುಕೊಳ್ಳುವುದು ಬಹಳ ಮುಖ್ಯ. ಮೊದಲ ರನ್ ಹಳೆಯ ರೆಪೊಗಳಲ್ಲಿ ನಿಧಾನವಾಗುತ್ತದೆ; ಅಷ್ಟು ಬೆಲೆ ತೆರಲು ನಾನು ಸಿದ್ಧ.

ಇಂಥದ್ದೇ ತಾಣವಾದ ಗಿಟ್‌ಲ್ಯಾಬ್‌ಗೂ ಇದೇ ಉಪಾಯ ಸಾಕು, ನಿಯತಾಂಕಗಳ ಹೆಸರು ಮಾತ್ರ ಬೇರೆ. ಆದರೆ ನಾನು ಬಳಸುವ ಇನ್ನೊಂದು ಹೋಸ್ಟಿಂಗ್ ಸೇವೆಯವರು ಪಟ್ಟಿ ಯಾವ ಕ್ರಮದಲ್ಲಿ ಬರುತ್ತದೆಂದು ತಮ್ಮ ದಾಖಲೆಯಲ್ಲಿ ಎಲ್ಲಿಯೂ ಹೇಳಿಲ್ಲ. ಎಪಿಐ (ಬೇರೆ ಪ್ರೋಗ್ರಾಂಗಳು ಮಾಹಿತಿ ಕೇಳುವ ದಾರಿ) ಕೊಡುವವರು ಕನಿಷ್ಠ ಇಷ್ಟನ್ನಾದರೂ ಬರೆದಿಡಬೇಕು.

ಈ ಡೇಟಾಬೇಸ್ ಕೈಯಲ್ಲಿರುವಾಗ ಮುಂದಿನ ಯೋಜನೆ ತಾನಾಗಿಯೇ ಹೊಳೆದಿದೆ: ಕೋಡ್‌ನ ಟುಡೂ ಕಾಮೆಂಟ್‌ಗಳಲ್ಲಿರುವ (ಮುಂದೆ ಮಾಡಬೇಕಾದ ಕೆಲಸದ ಟಿಪ್ಪಣಿಗಳಲ್ಲಿರುವ) ಇಶ್ಯೂ ಸಂಖ್ಯೆಗಳನ್ನು ಹೆಕ್ಕಿ, ಇಶ್ಯೂ ಮುಚ್ಚಿದ ಮೇಲೂ ಉಳಿದಿರುವ ಕಾಮೆಂಟ್‌ಗಳನ್ನು ಗಿಟ್ ಬ್ಲೇಮ್ (ಆ ಸಾಲನ್ನು ಕೊನೆಯದಾಗಿ ಯಾರು, ಯಾವಾಗ ಬದಲಿಸಿದರೆಂಬ ವಿವರ) ಸಮೇತ ತೋರಿಸುವುದು. ಅದಕ್ಕೂ ಮುನ್ನ, ಅಳಿಸಲಾದ ಮತ್ತು ಬೇರೆ ರೆಪೊಗೆ ವರ್ಗವಾದ ಇಶ್ಯೂಗಳು ಬದಲಾವಣೆಗಳ ಪಟ್ಟಿಯಲ್ಲಿ ಬರುವುದಿಲ್ಲವಾದ್ದರಿಂದ, ಬಹುಕಾಲ ಅಲುಗಾಡದ ಸಾಲುಗಳನ್ನು ಒಂದೊಂದಾಗಿ ಕೇಳಿ, ಸರ್ವರ್‌ನಿಂದ 301 (ಬೇರೆಡೆಗೆ ಹೋಗಿದೆ) ಎಂಬ ಉತ್ತರ ಬಂದರೆ ಹೊಸ ವಿಳಾಸ ಹಿಡಿದು, 404 (ಸಿಗಲಿಲ್ಲ) ಅಥವಾ 410 (ಅಳಿಸಲಾಗಿದೆ) ಬಂದರೆ ತೆಗೆದುಹಾಕುವ ಆಜ್ಞೆಯೊಂದನ್ನು ಬರೆಯುತ್ತಿದ್ದೇನೆ.