ಬಾಯಿ ಮುಚ್ಚಿಸಿದ ಡಿಸ್ಕ್

21 ಮೇ 2025, ಬುಧವಾರ
ದಾವಣಗೆರೆ

ಅಂಗಡಿ ಕಂಪ್ಯೂಟರಿನ ಡಿ ಡ್ರೈವಿನಲ್ಲಿರುವ ಮದುವೆ ಕಾರ್ಡುಗಳ ಫೋಲ್ಡರ್ ಇವತ್ತು ತೆರೆಯಲಿಲ್ಲ. ಫೈಲ್ ಕೆಟ್ಟಿದೆ, ಓದಲು ಆಗುತ್ತಿಲ್ಲ ಎಂದು ವಿಂಡೋಸ್ ಹೇಳಿತು. ಎದುರಿಗೆ ಕಾರ್ಡ್ ತಗೊಂಡು ಹೋಗಲು ಬಂದವರು, ಪಕ್ಕದಲ್ಲಿ ಪಹಣಿ ಪ್ರಿಂಟಿಗೆ ಬಂದ ಅಜ್ಜ. "ತಮ್ಮಾ, ಬಸ್ಸಿಗೆ ಹೊತ್ತಾತು" ಅಂತ ಅಜ್ಜ ಎರಡು ಸಲ ಅಂದರು.

ತಪ್ಪು ನನ್ನದೇ. ಕರೆಂಟ್ ಹೋದಾಗ ಕಂಪ್ಯೂಟರ್ ಆರದಂತೆ ಹಿಡಿದಿಡುವ ಯುಪಿಎಸ್‌ನ ಬ್ಯಾಟರಿ ಸತ್ತು ತಿಂಗಳಾಯಿತು. ಮಳೆಗಾಳಿ ಶುರುವಾದ ಮೇಲೆ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ಧಪ್ಪನೆ ಆಫ್. ಡಿಸ್ಕಿಗೆ ಫೈಲ್ ಬರೆಯುವುದು ಅರ್ಧಕ್ಕೆ ನಿಂತರೆ ವಿಂಡೋಸ್ ಆ ಡ್ರೈವ್ ಮೇಲೆ 'ಡರ್ಟಿ' ಎಂದು ಒಂದು ಗುರುತು ಹಾಕಿಡಬಹುದು. ಆ ಗುರುತು ಇರುವವರೆಗೆ ಪ್ರತಿ ಸಲ ಆನ್ ಮಾಡಿದಾಗಲೂ ಡಿಸ್ಕ್ ಚೆಕ್, ಅಂದರೆ ಡ್ರೈವಿನಲ್ಲಿ ತಪ್ಪಿದೆಯೇ ಎಂಬ ತಪಾಸಣೆ. ಬೇಡ ಅಂದರೆ ಕೆಲವೇ ಸೆಕೆಂಡಿನಲ್ಲಿ ಯಾವುದಾದರೂ ಕೀ ಒತ್ತಬೇಕು. ಅಂಗಡಿ ಹುಡುಗ ದಿನಾ ಒತ್ತುತ್ತಿದ್ದ. ಗುರುತು ಹೋಗಲಿಲ್ಲ, ಮರುದಿನ ಮತ್ತೆ ಅದೇ ಕಪ್ಪು ಪರದೆ. ಸ್ಕಿಪ್ ಮಾಡಿದರೆ ಮುಗಿಯಿತು ಅಂದುಕೊಂಡಿದ್ದೆವು, ಪೆದ್ದರು.

ಹೋದ ವಾರ ಸಿಟ್ಟು ಬಂದು ಕಮಾಂಡ್ ಪ್ರಾಂಪ್ಟ್‌ನಲ್ಲಿ ಚೆಕ್‌ಎನ್‌ಟಿಎಫ್‌ಎಸ್, ಸ್ಲ್ಯಾಶ್ ಎಕ್ಸ್, ಡಿ ಡ್ರೈವ್ ಅಂತ ಹೊಡೆದೆ. ಆನ್ ಆಗುವಾಗ ಆ ಡ್ರೈವ್ ನೋಡಬೇಡ ಎಂದು ಅರ್ಥ. ಬೆಳಿಗ್ಗೆ ಜಾಸ್ತಿ ಕಾಯುವುದು ತಪ್ಪಿತು. ಒಳಗೆ ಹುಳುಕು ಹಾಗೇ ಇತ್ತು.

ಇವತ್ತು ಮೊದಲು ಓದಲು ಬಂದ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡೆ. ಆಮೇಲೆ ಡ್ರೈವ್ ತಪಾಸಣೆ ಮಾಡುವ ಚೆಕ್‌ಡಿಸ್ಕ್ ಕಮಾಂಡಿಗೆ ಸ್ಲ್ಯಾಶ್ ಎಫ್ ಕೊಟ್ಟೆ, ಸಿಕ್ಕ ತಪ್ಪು ಸರಿಪಡಿಸು ಎಂದು. ವಿಂಡೋಸ್ ಇರುವುದು ಸಿ ಡ್ರೈವಿನಲ್ಲಿ, ಹಾಗಾಗಿ ಡಿ ಡ್ರೈವಿಗೆ ರೀಸ್ಟಾರ್ಟ್ ಬೇಕಾಗಲಿಲ್ಲ. ಸ್ಲ್ಯಾಶ್ ಆರ್ ಕೊಟ್ಟಿದ್ದರೆ ಕೆಟ್ಟ ಸೆಕ್ಟರ್‌ಗಳನ್ನೂ (ಡಿಸ್ಕಿನ ಹಾಳಾದ ಜಾಗಗಳನ್ನೂ) ಹುಡುಕುತ್ತಾ ಗಂಟೆಗಟ್ಟಲೆ ಕೂರುತ್ತದೆ. ಅದು ರಾತ್ರಿಗೆ.

ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಹುಡುಗ ಮೊಬೈಲಿನಿಂದ ನೇರ ಪ್ರಿಂಟರ್‌ಗೆ ಕಳಿಸಿ ಅಜ್ಜನ ಪಹಣಿ ತೆಗೆದುಕೊಟ್ಟ. ಅವನಿಗೆ ಮಧ್ಯಾಹ್ನ ಮಂಡಕ್ಕಿ-ಮಿರ್ಚಿ ಕೊಡಿಸಿದೆ.

ಫೋಲ್ಡರ್ ವಾಪಸ್ ಬಂತು. ಎರಡು ಫೈಲ್ ಮಾತ್ರ 'ಫೌಂಡ್' ಎಂಬ ಹೊಸ ಫೋಲ್ಡರಿನಲ್ಲಿ ಮೊದಲಿನ ಹೆಸರಿಲ್ಲದೆ ಬಿದ್ದಿದ್ದವು. ಫೈಲ್ ಹೆಸರಿನ ತುದಿಗೆ ಸಿಡಿಆರ್ ಅಂತ ಸೇರಿಸಿದ್ದಕ್ಕೆ ಒಂದು, ಕಾರ್ಡ್ ವಿನ್ಯಾಸ ಮಾಡುವ ಕೋರೆಲ್‌ನಲ್ಲಿ ತೆರೆಯಿತು. ಇನ್ನೊಂದು ಹೋಯಿತು. ಗಿರಾಕಿ ಹತ್ತಿರ ಪ್ರೂಫ್ ಕಾಗದ ಇತ್ತು, ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯಲ್ಲಿ ಮತ್ತೆ ಟೈಪ್ ಮಾಡಿದೆ. ಸೋದರತ್ತೆಯರ ಹೆಸರೇ ಹನ್ನೊಂದು!

ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಇರುವ ಉಬುಂಟು ಬೇರೆ ರೀತಿ. ಹಿಂದೆಲ್ಲ ಇಷ್ಟು ಸಲ ಆನ್ ಮಾಡಿದ ಮೇಲೆ, ಇಲ್ಲವೇ 180 ದಿನಕ್ಕೊಮ್ಮೆ ತಾನೇ ಚೆಕ್ ಮಾಡುತ್ತಿತ್ತು. ಈಗ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡಿಸ್ಕಿಗೆ ಆ ಲೆಕ್ಕ ಇರುವುದಿಲ್ಲ. ಟ್ಯೂನ್2ಎಫ್‌ಎಸ್ ಎಂಬ ಕಮಾಂಡಿನಲ್ಲಿ ನಾವೇ ಹಾಕಬೇಕು. ಮೂವತ್ತು ಸಲಕ್ಕೊಮ್ಮೆ ಅಂತ ಇಟ್ಟೆ.

ಅಂಗಡಿಯ ಕಂಪ್ಯೂಟರಿಗೆ ಚೆಕ್‌ಎನ್‌ಟಿಎಫ್‌ಎಸ್ ಸ್ಲ್ಯಾಶ್ ಡಿ ಹೊಡೆದು, ಆನ್ ಆಗುವಾಗಿನ ತಪಾಸಣೆ ಮೊದಲಿನಂತೆ ಆಗುವ ಹಾಗೆ ಮಾಡಿದೆ. ಸಂಜೆ ಅಶೋಕ ರಸ್ತೆ ಕಡೆ ಹೋಗಿ 12 ವೋಲ್ಟಿನ ಬ್ಯಾಟರಿ ತಂದೆ. ಹಾಕುತ್ತಿದ್ದಂತೆಯೇ ಕರೆಂಟ್ ಹೋಯಿತು. ಯುಪಿಎಸ್ ಕೂಗಿತು, ಪರದೆ ಆರಲಿಲ್ಲ.